ಜೂನ್ ಒಂದರ ಮಕ್ಕಳು

ಜೂನ್ 1ರ ಬೆಳಿಗ್ಗೆ ಆರೂವರೆಗೆ ಬ್ಯಾಂಕಿನಿಂದ ಮೆಸೇಜು ಬಂತು. ಹುಟ್ಟುಹಬ್ಬದ ಶುಭಾಶಯ. ಏಳಕ್ಕೆ ವಿಮೆಯವರದ್ದು. ಏಳೂಕಾಲಿಗೆ, ಯಾವತ್ತೋ ಒಂದು ಸಲ ಕನ್ನಡಕ ಮಾಡಿಸಿದ್ದ ಅಂಗಡಿಯದ್ದು. ಅವರು ಆಶೀರ್ವಾದದ ಜೊತೆ ಶೇಕಡಾ ಹತ್ತು ರಿಯಾಯಿತಿಯನ್ನೂ ಕೊಟ್ಟಿದ್ದರು. ಕಾಫಿ ಮುಗಿಯುವಷ್ಟರಲ್ಲಿ ಹನ್ನೊಂದು ಶುಭಾಶಯ ಬಂದಿದ್ದವು. ಕಳಿಸಿದವರಲ್ಲಿ ಒಬ್ಬರೂ ಮನುಷ್ಯರಲ್ಲ.

ನಾನು ಜೂನ್‌ನಲ್ಲಿ ಹುಟ್ಟಿದವನೇ ಅಲ್ಲ. ಅಮ್ಮನನ್ನು ಕೇಳಿದರೆ ಪ್ರತಿ ಸಲವೂ ಒಂದೇ ಉತ್ತರ: "ಸೊಗಡವರೆ ಕಾಲ ಕಣೋ. ಸಂಕ್ರಾಂತಿಗೆ ಇನ್ನೂ ನಾಕು ದಿನ ಇತ್ತು. ಹಿತಕಿದ ಬೇಳೆ ಸಾರಿಗೆ ಅಂತ ಕಾಳು ನೆನೆಹಾಕಿದ್ದೆ, ನೋವು ಶುರುವಾಯ್ತು." ಆ ಕಾಳು ಏನಾಯ್ತು ಅನ್ನೋದರ ಬಗ್ಗೆ ಅವರಿಗೆ ಇವತ್ತಿಗೂ ಬೇಜಾರಿದೆ.

ಶಾಲೆಗೆ ಸೇರಿಸುವ ದಿನ ಹೆಡ್‌ಮೇಷ್ಟ್ರು ನನ್ನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿದರು. ಮುಟ್ಟಿತು. ಆರು ವರ್ಷ ಆಗಿದೆ ಅಂತ ತೀರ್ಮಾನವಾಯಿತು. ಹುಟ್ಟಿದ ದಿನದ ಕಾಲಂನಲ್ಲಿ ಜೂನ್ 1 ಅಂತ ಬರೆದರು. ನನ್ನ ಹಿಂದೆ ನಿಂತವನಿಗೂ ಜೂನ್ 1. ಅವನ ಕೈ ಹಿಡಿದು ನಿಂತಿದ್ದ ತಂಗಿಯ ಕೈಯೂ ಕಿವಿಗೆ ಮುಟ್ಟಿತು, ಅವಳಿಗೂ ಜೂನ್ 1, ವರ್ಷವೂ ಅದೇ. ಮನೆಯಲ್ಲಿ ಅವಳಿ ಮಕ್ಕಳಿರುವ ವಿಷಯ ಅವರ ತಾಯಿಗೆ ಗೊತ್ತೇ ಇರಲಿಲ್ಲ. ನಮ್ಮ ರಾಜ್ಯದ ಆಫೀಸುಗಳಲ್ಲಿ ಮೇ 31ರಂದು ಅಷ್ಟೊಂದು ಜನ ಹಾರ ಹಾಕಿಸಿಕೊಂಡು ನಿವೃತ್ತರಾಗುತ್ತಾರಲ್ಲ, ಅದರ ಹಿಂದೆ ಇಂಥ ಹೆಡ್‌ಮೇಷ್ಟ್ರುಗಳ ಕೈಬರಹವಿದೆ.

ಹನ್ನೆರಡನೇ ಮೆಸೇಜು ಹಾಡಿನ ಆ್ಯಪಿನದು. 1967ರಲ್ಲಿ, ಇದೇ ಜೂನ್ 1ರಂದು, ಇಂಗ್ಲೆಂಡಿನ ರಾಕ್ ತಂಡ ಬೀಟಲ್ಸ್‌ನವರ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಅನ್ನೋ ರೆಕಾರ್ಡು ಬಿಡುಗಡೆಯಾಯಿತಂತೆ. ಸಂಭ್ರಮಿಸಿ ಅಂತ ಅಪ್ಪಣೆ.

ನನಗೆ ರೇಗಿಹೋಯಿತು. ಇಂಗ್ಲೆಂಡಿನ ಅಂಗಡಿಗಳಿಗೆ ಆ ರೆಕಾರ್ಡು ಮೇ 26ಕ್ಕೇ ಬಂದಿತ್ತು. ಅಮೆರಿಕದಲ್ಲಿ ಬಿಡುಗಡೆಯಾದದ್ದು ಜೂನ್ 2ಕ್ಕೆ. ನಡುವಿನ ಜೂನ್ 1 ಕಂಪನಿಯವರು ಮೊದಲೇ ಕಾಗದದ ಮೇಲೆ ಗೊತ್ತುಮಾಡಿಟ್ಟಿದ್ದ ತಾರೀಖು. ಅಂದರೆ ಅದೂ ಹೆಡ್‌ಮೇಷ್ಟ್ರು ತಾರೀಖೇ. ಅದನ್ನೇ ಹಿಡಿದುಕೊಂಡು 1987ರ ಜೂನ್ 1ಕ್ಕೆ ಸೀಡಿ ತಂದರು. ಮೊದಲ ಹಾಡಿನ ಮೊದಲ ಸಾಲಿನಲ್ಲೇ ಇಪ್ಪತ್ತು ವರ್ಷದ ಹಿಂದಿನ ಮಾತು ಬರುತ್ತದೆ, ಸರಿಯಾಗಿ ಇಪ್ಪತ್ತಾಯಿತಲ್ಲ ಅಂತ. 2017ರಲ್ಲಿ ಐವತ್ತರ ಆವೃತ್ತಿ ಬಂತು. ಹಳೇ ನಿರ್ಮಾಪಕ ಜಾರ್ಜ್ ಮಾರ್ಟಿನ್‌ರ ಮಗ ಜೈಲ್ಸ್ ಮಾರ್ಟಿನ್ ಕೂತು ಹೊಸದಾಗಿ ಮಿಕ್ಸ್ ಮಾಡಿದ್ದು. ಅದು ಹೊರಬಂದದ್ದು ಮಾತ್ರ ಮೇ 26ಕ್ಕೆ! ಐವತ್ತು ತುಂಬಿದ ಮೇಲಾದರೂ ಅದಕ್ಕೆ ತನ್ನ ನಿಜವಾದ ಹುಟ್ಟುಹಬ್ಬ ವಾಪಸ್ ಸಿಕ್ಕಿತು. ನನಗಿನ್ನೂ ಸಿಕ್ಕಿಲ್ಲ. ಹೀಗೆ ಗೊಣಗುವವನು ಮೂರನ್ನೂ ಕೊಂಡಿದ್ದಾನೆ: ಕ್ಯಾಸೆಟ್ಟು, ಸೀಡಿ, ಐವತ್ತರ ಡಬ್ಬಿ. ಮೂರರಲ್ಲೂ ಅವೇ ಹದಿಮೂರು ಹಾಡು.

ಈ ರಾಕ್‌ನವರಿಗೆ ವಾರ್ಷಿಕೋತ್ಸವದ ಹುಚ್ಚು ಯಾಕೆ ಹಿಡಿಯಿತೋ. ದೊಡ್ಡವರ ಮಾತು ಕೇಳಬೇಡಿ ಅಂತ ಶುರುವಾದ ಸಂಗೀತ ಅದು. ಈಗ ದಿನ ಬೆಳಗಾದರೆ ಯಾವುದೋ ರೆಕಾರ್ಡಿಗೆ ಷಷ್ಟಿಪೂರ್ತಿ. ರಾಕ್ ಗಾಯಕ ಮಿಕ್ ಜಾಗರ್‌ಗೆ 2023ರ ಜುಲೈನಲ್ಲಿ ಎಂಬತ್ತು ತುಂಬಿತು. ನಮ್ಮ ಕಡೆ ಆಗಿದ್ದರೆ ಸಹಸ್ರಚಂದ್ರದರ್ಶನ ಶಾಂತಿಗೆ ಪುರೋಹಿತರನ್ನು ಗೊತ್ತುಮಾಡಿ, ಬಾಳೆಎಲೆಗೆ ಹೇಳಿರುತ್ತಿದ್ದರು. ಇನ್ನು ಸಾವಿನ ತಾರೀಖಾದರೂ ಗಟ್ಟಿ ಅಂದುಕೊಂಡರೆ ಅದೂ ಹಾಗಿಲ್ಲ. ಬೀಟಲ್ಸ್‌ನ ಜಾನ್ ಲೆನನ್‌ಗೆ ಗುಂಡು ತಗುಲಿದ್ದು 1980ರ ಡಿಸೆಂಬರ್ 8ರ ರಾತ್ರಿ, ನ್ಯೂಯಾರ್ಕಿನಲ್ಲಿ. ನಮ್ಮಲ್ಲಿ ಆಗಲೇ 9ನೇ ತಾರೀಖು ಬೆಳಿಗ್ಗೆ, ಜನ ಆಫೀಸಿಗೆ ಹೊರಡುವ ಹೊತ್ತು. ತಿಥಿ ನೋಡಿ ಮಾಡುವ ನಮ್ಮ ಪದ್ಧತಿಯೇ ವಾಸಿ ಅನಿಸುತ್ತದೆ.

ಅಮೆರಿಕದ ವುಡ್‌ಸ್ಟಾಕ್ ಸಂಗೀತೋತ್ಸವದ ಕತೆಯಂತೂ ಕೇಳಲೇಬೇಡಿ. ಅದರ ಸರ್ಟಿಫಿಕೇಟಿನಲ್ಲಿ ಊರಿನ ಹೆಸರೇ ತಪ್ಪು. 1969ರ ಆಗಸ್ಟ್‌ನಲ್ಲಿ ಅದು ನಡೆದದ್ದು ವುಡ್‌ಸ್ಟಾಕ್‌ನಲ್ಲಲ್ಲ, ಅಲ್ಲಿಂದ ಬಹಳ ದೂರದ ಬೆತೆಲ್ ಅನ್ನೋ ಊರಿನ ಹೊಲದಲ್ಲಿ. ಪೋಸ್ಟರಿನಲ್ಲಿ ಮೂರು ದಿನ ಅಂತಿತ್ತು. ನಾಲ್ಕನೇ ದಿನ, ಸೋಮವಾರ ಬೆಳಿಗ್ಗೆ, ಗಿಟಾರಿನ ಜಿಮಿ ಹೆಂಡ್ರಿಕ್ಸ್ ವೇದಿಕೆಗೆ ಬಂದ. ಅಷ್ಟರಲ್ಲಿ ಮುಕ್ಕಾಲು ಪಾಲು ಜನ ಮನೆ ದಾರಿ ಹಿಡಿದಿದ್ದರು. ರಾತ್ರಿಯಿಡೀ ನಡೆದ ಹರಿಕಥೆಯ ಕೊನೆಗೆ, ಶಾಮಿಯಾನದವರು ಕುರ್ಚಿ ಮಡಚುವಾಗ ದಾಸರು ಮಂಗಳ ಹಾಡಿದ ಹಾಗೆ.

ಆದರೆ ಆ ಕತೆಯಲ್ಲಿ ನನ್ನ ಮನುಷ್ಯ ಹೆಂಡ್ರಿಕ್ಸ್ ಅಲ್ಲ. ಹಾಲಿನವನು.

ಹೊಲದ ಯಜಮಾನ ಮ್ಯಾಕ್ಸ್ ಯಾಸ್ಗರ್. ವಯಸ್ಸು 49, ದಪ್ಪ ಫ್ರೇಮಿನ ಕನ್ನಡಕ. ಆ ಸೀಮೆಯಲ್ಲಿ ಅವನಷ್ಟು ಹಾಲು ಕರೆಯುವವರು ಯಾರೂ ಇರಲಿಲ್ಲ, ನೂರಾರು ಹಸು. ರಿಪಬ್ಲಿಕನ್ ಪಕ್ಷದವನು, ವಿಯೆಟ್ನಾಂ ಯುದ್ಧ ಸರಿ ಅನ್ನುವವನು. ಉದ್ದ ಕೂದಲಿನ ಹುಡುಗರಿಗೂ ಅವನಿಗೂ ಎತ್ತಣಿಂದೆತ್ತ. ಆ ವರ್ಷ ಮಳೆ ಜಾಸ್ತಿಯಾಗಿ ಮೇವು ಕೈಕೊಟ್ಟಿತ್ತು. ಉತ್ಸವ ನಡೆಸುವ ಹುಡುಗರು ಮೊದಲು ಗೊತ್ತುಮಾಡಿದ್ದ ವಾಲ್‌ಕಿಲ್ ಊರಿನವರು ಜುಲೈ ನಡುವೆ ಆಗೋದಿಲ್ಲ ಅಂದುಬಿಟ್ಟರು. ಹುಡುಗರು ಮ್ಯಾಕ್ಸ್ ಹತ್ತಿರ ಬಂದರು. ಅವನು ಹೊಲ ಬಾಡಿಗೆಗೆ ಕೊಟ್ಟ.

ತಕ್ಷಣ ಊರಿನಲ್ಲಿ ಬೋರ್ಡು ಎದ್ದಿತು: ಮ್ಯಾಕ್ಸ್‌ನ ಹಿಪ್ಪಿ ಜಾತ್ರೆ ನಿಲ್ಲಿಸಿ, ಹಾಲು ಕೊಳ್ಳಬೇಡಿ. ನೋಡಿ, ಮನುಷ್ಯನ ಮೇಲಿನ ಸಿಟ್ಟನ್ನು ಹಾಲಿನ ಮೇಲೆ ತೀರಿಸಿಕೊಳ್ಳೋದು ಎಲ್ಲ ಊರಲ್ಲೂ ಇದ್ದದ್ದೇ. ನಮ್ಮ ಅತ್ತೆ ಎಮ್ಮೆ ಕಟ್ಟಿದ್ದರು. ಎದುರುಮನೆಯವರ ಜೊತೆ ಬಚ್ಚಲು ನೀರಿನ ವಿಷಯಕ್ಕೆ ಜಗಳವಾದ ಮಾರನೇ ದಿನದಿಂದ ಆ ಬೀದಿಯ ನಾಲ್ಕು ಮನೆಯಲ್ಲಿ ಹಾಲು ನಿಂತಿತು. ಎಮ್ಮೆ ಏನು ಮಾಡಿತ್ತು? ಅತ್ತೆ ಹಟಕ್ಕೆ ಬಿದ್ದು ಮಿಕ್ಕಿದ ಹಾಲನ್ನೆಲ್ಲ ಹೆಪ್ಪು ಹಾಕಿ, ಕಡೆದು, ತುಪ್ಪ ಕಾಯಿಸಿದರು, ಎದುರುಮನೆಗೆ ಘಮ ಹೋಗಲಿ ಅಂತ ಕಿಟಕಿ ತೆಗೆದಿಟ್ಟು. ಮ್ಯಾಕ್ಸ್ ಕೂಡ ಅದೇ ಜಾತಿಯ ಹಟಮಾರಿ. ಬೋರ್ಡು ನೋಡಿದ ಮೇಲೆ ಅವನ ಪಟ್ಟು ಇನ್ನೂ ಬಿಗಿಯಾಯಿತು. ಜನ ಬಂದದ್ದು ನಾಲ್ಕು ಲಕ್ಷ. ಅಕ್ಕಪಕ್ಕದವರು ಕುಡಿಯುವ ನೀರಿಗೆ ದುಡ್ಡು ಕೇಳುತ್ತಿದ್ದಾರೆ ಅಂತ ಕೇಳಿ ಸಿಟ್ಟಾಗಿ, ತನ್ನ ಕೊಟ್ಟಿಗೆ ಹತ್ತಿರ 'ನೀರು ಉಚಿತ' ಅಂತ ತಾನೇ ಬೋರ್ಡು ಹಾಕಿಸಿದ. ಹಾಲನ್ನೂ ಹಂಚಿದ. ನನಗೆ ತಿಳಿಯಬೇಕಾದದ್ದು ಬೇರೆ. ಮೈಲುಗಟ್ಟಲೆ ರಸ್ತೆಯಲ್ಲಿ ಜನ ಕಾರು ಬಿಟ್ಟು ನಡೆದುಹೋದರಲ್ಲ, ದಿನದ ಹಾಲಿನ ಲಾರಿ ಹೋಗಿದ್ದು ಹೇಗೆ? ಹೆಂಡ್ರಿಕ್ಸ್ ಒಂಬತ್ತಕ್ಕೆ ಏಳಬಹುದು. ಹಸುವಿನ ಕೆಚ್ಚಲು ಕಾಯುತ್ತಾ?

ಮೊದಲ ರಾತ್ರಿ ಅಲ್ಲಿ ರವಿಶಂಕರ್ ಸಿತಾರ್ ನುಡಿಸಿದರು, ಅಲ್ಲಾ ರಖಾ ತಬಲಾ, ಮೇಲೆ ಮಳೆ. ಅವತ್ತು ಆಗಸ್ಟ್ 15. ಅವರಿಗೆ ಆ ಕಾರ್ಯಕ್ರಮ ಸೇರಲಿಲ್ಲ. ಕೆಸರಿನಲ್ಲಿ ಕೂತ ಜನರನ್ನು ನೋಡಿ ನಮ್ಮ ಕಡೆಯ ಎಮ್ಮೆಗಳು ನೆನಪಾದವು ಅಂತ ಆಮೇಲೆ ಹೇಳಿಕೊಂಡರು. ಅತ್ತೆ ಇದ್ದಿದ್ದರೆ ಎಮ್ಮೆ ಪರವಾಗಿ ಜಗಳಕ್ಕೆ ಹೋಗುತ್ತಿದ್ದರು.

ಮರುವರ್ಷ ಇನ್ನೊಂದು ಸಲ ಹೊಲ ಕೇಳಿದರೆ ಮ್ಯಾಕ್ಸ್ ಕೊಡಲಿಲ್ಲ, ಹಾಲಿನ ಕೆಲಸ ನೋಡಿಕೊಳ್ಳುತ್ತೇನೆ ಅಂದ. 1973ರ ಫೆಬ್ರವರಿಯಲ್ಲಿ ತೀರಿಕೊಂಡ. ಒಂದು ಗಿಟಾರು ಮೀಟದ ಮನುಷ್ಯನಿಗೆ ರೋಲಿಂಗ್ ಸ್ಟೋನ್ ಪತ್ರಿಕೆ ಇಡೀ ಪುಟದ ಶ್ರದ್ಧಾಂಜಲಿ ಹಾಕಿತು. 2019ರಲ್ಲಿ ಐವತ್ತನೇ ವರ್ಷದ ಉತ್ಸವ ಮಾಡಲು ಹೊರಟವರು ಒಂದು ಜಾಗ ಬಿಟ್ಟು ಇನ್ನೊಂದು ಜಾಗ ಹುಡುಕಿ ಸುಸ್ತಾಗಿ ಜುಲೈ ಕೊನೆಗೆ ರದ್ದು ಮಾಡಿದರು. ಹಾಲಿನವರು ಸಿಗಲಿಲ್ಲ.

ವಾರ್ಷಿಕೋತ್ಸವಗಳ ಬಗ್ಗೆ ಏನೋ ಹೇಳಬೇಕು ಅಂತ ಕೂತಿದ್ದೆ. ಅಷ್ಟರಲ್ಲಿ ಬೆಲ್ಲಾಯಿತು. ವಿಮೆ ಏಜೆಂಟ್ ಹುಡುಗ, ಕೈಯಲ್ಲಿ ಕೇಕಿನ ಡಬ್ಬಿ. "ಸಾರ್, ಹ್ಯಾಪಿ ಬರ್ತ್‌ಡೇ. ಪಾಲಿಸಿ ರಿನ್ಯೂವಲ್ ಈ ತಿಂಗಳೇ ಸಾರ್." ಅವನನ್ನು ಕಳಿಸಿ ಅಮ್ಮನಿಗೆ ಒಂದು ತುಂಡು ಕೊಟ್ಟೆ. ಅವರು ಮೇಲಿನ ಕ್ರೀಮನ್ನು ಚಮಚದಿಂದ ಪಕ್ಕಕ್ಕೆ ಸರಿಸುತ್ತಾ ಕೇಳಿದರು:

"ಯಾರದ್ದೋ ಹುಟ್ಟಿದಬ್ಬ?"

"ಬೀಟಲ್ಸ್‌ನವರ ರೆಕಾರ್ಡಿಂದಮ್ಮ. ಅವರದ್ದೂ ಜೂನ್ ಒಂದಂತೆ."

"ಹೌದಾ? ಅವರೂ ನಿಮ್ಮ ಸ್ಕೂಲೇನೋ?"