ಆ ಸಿಸ್ಟಮ್‌ನಲ್ಲಿ ಮಾತ್ರ ಓಪನ್ ಆಗುತ್ತೆ ಸಾರ್

ಕಚೇರಿಯ ಹೆಸರು ಬೇಡ. ನೀವೂ ಅಲ್ಲಿಗೆ ಹೋಗಿರುತ್ತೀರಿ. ಮೇಜುಗಳ ಮೇಲೆ ನಾಲ್ಕು ಹೊಸ ಕಂಪ್ಯೂಟರ್, ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿಲ್ಲ. ಮೂಲೆಯಲ್ಲಿ ಒಂದು ಹಳೆಯದು. ಅದರ ಹಣೆಗೆ ಆಯುಧಪೂಜೆಯ ಕುಂಕುಮ, ಪಕ್ಕದಲ್ಲಿ ಅಂಟಿಸಿದ ಚೀಟಿ: 'ಯಾರೂ ಅಪ್‌ಡೇಟ್ ಮಾಡಬಾರದು'.

"ಆ ಸಿಸ್ಟಮ್‌ನಲ್ಲಿ ಮಾತ್ರ ಓಪನ್ ಆಗುತ್ತೆ ಸಾರ್."

"ಮತ್ತೆ ಇವು?"

"ಇವು ಹೊಸವು ಸಾರ್."

ಉತ್ತರ ಸರಿಯಾಗಿಯೇ ಇದೆ. ಕಚೇರಿಯ ತಂತ್ರಾಂಶಕ್ಕೆ ಮೈಕ್ರೋಸಾಫ್ಟಿನ ಹಳೆಯ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರೇ ಬೇಕು. ಡಿಜಿಟಲ್ ಸಹಿಗೆ ಸಿಕ್ಕಿಸುವ ಪುಟ್ಟ ಕಡ್ಡಿ, ಅಂದರೆ ಡಾಂಗಲ್, ಮಾತಾಡುವುದು ಆ ನೀಲಿ 'ಇ' ಜೊತೆ ಮಾತ್ರ. ಮೈಕ್ರೋಸಾಫ್ಟ್ 2022ರ ಜೂನ್ 15ಕ್ಕೇ ಅದಕ್ಕೆ ನಿವೃತ್ತಿ ಕೊಟ್ಟಿತು. ದಕ್ಷಿಣ ಕೊರಿಯಾದ ಗ್ಯೋಂಗ್ಜುವಿನಲ್ಲಿ ಒಬ್ಬ ಎಂಜಿನಿಯರ್ ಕೆಫೆಯ ಮಾಳಿಗೆ ಮೇಲೆ ಅದಕ್ಕೆ ಸಮಾಧಿಕಲ್ಲನ್ನೇ ನೆಟ್ಟ. ಬೇರೆ ಬ್ರೌಸರ್ ಡೌನ್‌ಲೋಡ್ ಮಾಡಿಕೊಳ್ಳಲು ಒಳ್ಳೆಯ ಸಾಧನವಾಗಿತ್ತು ಅಂತ ಅದರ ಮೇಲೆ ಬರೆಸಿದ. ನಮ್ಮಲ್ಲಿ ಇನ್ನೂ ತಿಥಿಯೇ ಆಗಿಲ್ಲ. ಹಿರಿಯರನ್ನು ಹಾಗೆಲ್ಲ ಕಳಿಸಿಕೊಡುವ ಜನ ನಾವಲ್ಲ.

ಕಚೇರಿಯ ಆ ತಂತ್ರಾಂಶ ಬರೆದ ಹುಡುಗ ಅಮೆರಿಕಾಗೆ ಹೋದನಂತೆ. ಈಗ ಅವನ ಮಗಳು ಕಾಲೇಜಿನಲ್ಲಿದ್ದಾಳಂತೆ. ಅದರ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಒಂದು ಸಿಡಿಯಲ್ಲಿ ಭದ್ರವಾಗಿದೆ. ಸಿಡಿ ಹಾಕಲು ಡ್ರೈವ್ ಇಲ್ಲ, ಅಷ್ಟೇ.

ಕಡತದ ಕಥೆ ಕೇಳಿ. ಅಲ್ಲಿ ಹಳೆಯ ನುಡಿ ಫಾಂಟ್‌ನಲ್ಲೇ ಟೈಪಿಂಗ್. ನುಡಿಗೇ ಯಾವ ಫೋನಿನಲ್ಲೂ ಓದಿಸಿಕೊಳ್ಳುವ ಯೂನಿಕೋಡ್ ಬಂದು ಎಷ್ಟು ವರ್ಷವಾಯಿತು! ಇವರು ಕಳಿಸಿದ ಪತ್ರ ನನ್ನ ಫೋನಿನಲ್ಲಿ ತೆರೆದರೆ ಯಾವುದೋ ಅಪರಿಚಿತ ಲಿಪಿ, ಮೇಲೆ ಕೆಳಗೆ ಚುಕ್ಕೆ, ಕೊಕ್ಕೆ. ಹುಡುಕಿದರೆ ಒಂದು ಕನ್ನಡ ಪದವೂ ಸಿಗುವುದಿಲ್ಲ. ರಾಜ್ಯೋತ್ಸವಕ್ಕೆ ಅದೇ ಕಚೇರಿಯ ಬಾಗಿಲಿಗೆ ಮಾತ್ರ ಭಾರೀ ಕೆಂಪು ಹಳದಿ ತೋರಣ.

ಬದಲಿಸಿ ಅಂದರೆ ಒಂದೇ ಮಾತು: "ನಡೀತಾ ಇದೆಯಲ್ಲ ಸಾರ್, ಸುಮ್ನೆ ಯಾಕೆ ಮುಟ್ಟೋದು?" ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲೂ ನಡೆಯುತ್ತಲೇ ಇತ್ತು. 2017ರ ಮಾರ್ಚ್‌ನಲ್ಲೇ ವಿಂಡೋಸ್‌ನ ತೂತು ಮುಚ್ಚುವ ಪ್ಯಾಚ್ ಬಂದಿತ್ತು, ಎಷ್ಟೋ ಕಡೆ ಹಾಕಿರಲಿಲ್ಲ. ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ವಾನ್ನಾಕ್ರೈ ಬಂತು. ಪರದೆಗಳು ಲಾಕ್ ಆದವು, ರೋಗಿಗಳು ವಾಪಸ್ ಹೋದರು. ಅಲ್ಲೂ ಯಾರಾದರೂ ಒಂದು ಚೀಟಿ ಅಂಟಿಸಿದ್ದರೇನೋ.

ನನ್ನ ಮುಂದೆ ಒಬ್ಬ ಅಜ್ಜಿ ನಿಂತಿದ್ದರು. ಕೈಯಲ್ಲಿ ನಾಲ್ಕು ಮಡಿಕೆಯ ಅರ್ಜಿ, ಸೆರಗಿನ ತುದಿಯಲ್ಲಿ ಗಂಟು ಹಾಕಿದ ಬಸ್ ಚಾರ್ಜು. ಇದು ಮೂರನೇ ದಿನವಂತೆ. "ಸರ್ವರ್ ಡೌನ್ ಅಮ್ಮಾ, ನಾಳೆ ಬನ್ನಿ" ಅಂದರು. ಸರ್ವರ್ ಚೆನ್ನಾಗಿಯೇ ಇತ್ತು. ಎದುರಿಗಿದ್ದ ಆ ಡಬ್ಬ ಆನ್ ಆಗುತ್ತಿರಲಿಲ್ಲ. ಮೂರು ದಿನದ ಕೂಲಿ ಹೋಯಿತು ಅವರದು. ಅದನ್ನು ಯಾವ ಟೆಂಡರಿನಲ್ಲೂ ಯಾರೂ ಲೆಕ್ಕ ಹಾಕುವುದಿಲ್ಲ. ಹೊಸದಕ್ಕೆ ಜಾಸ್ತಿ ಖರ್ಚು ಅನ್ನುತ್ತಾರೆ. ಯಾರ ಖರ್ಚು ಸ್ವಾಮಿ? ಇಷ್ಟು ಹೊತ್ತು ನಗಿಸಲು ನೋಡಿದೆ. ಇಲ್ಲಿ ನನಗೇ ನಗು ಬರುತ್ತಿಲ್ಲ.

ಅಜ್ಜಿ ಕದಲಲಿಲ್ಲ. ಕೊನೆಗೆ ಗುಮಾಸ್ತರು ಎದ್ದು ಸಿಪಿಯು ಪಕ್ಕೆಗೆ ಎರಡು ತಟ್ಟಿದರು. ಬಂತು! ನೀಲಿ 'ಇ' ತೆರೆದು, ಪಾಸ್‌ವರ್ಡ್ ಕೊಟ್ಟು, ಡಾಂಗಲ್ ಸಿಕ್ಕಿಸುವಷ್ಟರಲ್ಲಿ ಕರೆಂಟ್ ಹೋಯಿತು.

ಯುಪಿಎಸ್ ಇದೆ. ಹೊಸ ಕಂಪ್ಯೂಟರ್‌ಗಳಿಗೆ ಹಾಕಿದ್ದಾರೆ.