ಆ ಕರಡಿ ಸಾಯಬೇಕಾಗಿರಲಿಲ್ಲ

ನಿನ್ನೆ ರಾತ್ರಿಯಿಂದ ಹೊಟ್ಟೆ ಉರಿಯುತ್ತಿದೆ. ಬರೆದು ಹಾಕದಿದ್ದರೆ ಸಮಾಧಾನ ಆಗಲ್ಲ.

ಶುಕ್ರವಾರ ಆದರೆ ನಾನು ‘ಮ್ಯಾಜಿಕ್: ದಿ ಗ್ಯಾದರಿಂಗ್’ ಅನ್ನುವ ಕಾರ್ಡ್ ಆಟ ಆಡಲು ಹೋಗುವುದು ನಿಮಗೆ ಗೊತ್ತೇ ಇದೆ. ನಿನ್ನೆ ಪಕ್ಕದ ಟೇಬಲ್‌ನಲ್ಲಿ ಒಬ್ಬ ಕಾಲೇಜು ಹುಡುಗ, ಹೊಸಬ. ಎದುರಿಗೆ ಕೂತವರು ಹಳೇ ಆಟಗಾರರು. ಹುಡುಗನ 2/2 ಕರಡಿ ಕಾರ್ಡಿಗೆ (ಹೊಡೆಯುವ ಬಲ 2, ಏಟು ತಾಳುವ ಶಕ್ತಿ 2) ಅವರು ಲೈಟ್ನಿಂಗ್ ಬೋಲ್ಟ್ ಹೊಡೆದರು. 3 ಡ್ಯಾಮೇಜ್. ಹುಡುಗ ತಕ್ಷಣ ಜೈಂಟ್ ಗ್ರೋತ್ ಹಾಕಿದ, ಆ ಸರದಿ ಮುಗಿಯುವವರೆಗೆ ಎರಡೂ ಅಂಕಿಗೆ 3 ಸೇರಿಸುವ ಕಾರ್ಡು. ಕೊನೆಗೆ ಹಾಕಿದ ಕಾರ್ಡೇ ಮೊದಲು ನಡೆಯುತ್ತದೆ, ಜೋಡಿಸಿಟ್ಟ ತಟ್ಟೆಗಳಲ್ಲಿ ಮೇಲಿನದನ್ನೇ ಮೊದಲು ಎತ್ತುವ ಹಾಗೆ. ಕರಡಿ 5/5 ಆಯಿತು, ಏಟು ತಿಂದು ಬದುಕಿತು. ಹುಡುಗನ ಖುಷಿ ನೋಡಬೇಕಿತ್ತು!

ಸರದಿ ಮುಗಿಯುವಾಗ ಎದುರಿನವರು ಅಂದರು, “ಗ್ರೋತ್ ಮುಗೀತು, ಕರಡಿ ಮತ್ತೆ 2/2. ಮೈಮೇಲೆ 3 ಡ್ಯಾಮೇಜ್ ಹಾಗೇ ಇದೆಯಲ್ಲ, ಸತ್ತೋಯ್ತು ಬ್ರೋ.” ಹುಡುಗ ತುಟಿ ಬಿಚ್ಚದೆ ಕರಡಿಯನ್ನು ಎತ್ತಿ ಸತ್ತ ಕಾರ್ಡುಗಳ ಗುಡ್ಡೆಗೆ ಹಾಕಿದ.

ತಪ್ಪು. ಪೂರ್ತಿ ತಪ್ಪು. ಸರದಿಯ ಕೊನೆಯ ಕ್ಲೀನಪ್ ಹಂತದಲ್ಲಿ ಡ್ಯಾಮೇಜ್ ಅಳಿಸಿ ಹೋಗುವುದು, ಗ್ರೋತ್‌ನ ಬಲ ಇಳಿಯುವುದು, ಎರಡೂ ಒಂದೇ ಗಳಿಗೆಯಲ್ಲಿ. ಒಂದರ ಹಿಂದೆ ಒಂದಲ್ಲ. ಕರಡಿ 2/2 ಆಗುವ ಹೊತ್ತಿಗೆ ಮೈಮೇಲೆ ಗಾಯವೇ ಇರಲ್ಲ.

ಇದು ಗೊತ್ತಿಲ್ಲದಿದ್ದರೆ ಪರವಾಗಿಲ್ಲ. ಕೇಳಬಹುದಿತ್ತಲ್ಲ! ಜಡ್ಜ್ ಹತ್ತು ಹೆಜ್ಜೆ ದೂರದಲ್ಲೇ ನಿಂತಿದ್ದರು. ಆದರೆ ಜಡ್ಜನ್ನು ಕರೆದರೆ, ತಮ್ಮನ್ನು ಮೋಸಗಾರ ಅಂದ ಹಾಗೆ ಹಳಬರು ಮುಖ ಊದಿಸಿಕೊಳ್ಳುತ್ತಾರೆ. ಹೊಸಬರಿಗೆ ಕೈ ಎತ್ತಲು ಭಯ. ಹಾಗಾಗಿ ಹಳಬರ ಬಾಯಲ್ಲಿ ಬಂದದ್ದೇ ನಿಯಮ.

“ಆಟ ಅಲ್ವಾ, ಕೋರ್ಟಾ ಇದು?” ಅಂತ ಕೆಲವರು ಕೇಳುತ್ತಾರೆ. ಚೌಕಾಬಾರಕ್ಕೆ ಆ ಮಾತು ಸರಿ. ನಮ್ಮಜ್ಜಿ ಮನೆಯಲ್ಲಿ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಗಿನ ಸುತ್ತಿಗೆ ಹೋಗುವ ಹಾಗಿರಲಿಲ್ಲ, ಪಕ್ಕದ ಮನೆಯಲ್ಲಿ ಹೋಗಬಹುದಿತ್ತು. ಅದನ್ನು ಆಟಕ್ಕೆ ಕೂರುವ ಮೊದಲೇ ಮಾತಾಡಿಕೊಳ್ಳುತ್ತಿದ್ದೆವು. ಮ್ಯಾಜಿಕ್‌ನಲ್ಲಿ 1993ರಿಂದ ಬಂದಿರುವ ಸಾವಿರಾರು ಕಾರ್ಡುಗಳಿವೆ, ಇನ್ನೂರು ಪುಟಕ್ಕೂ ಜಾಸ್ತಿ ನಿಯಮಗಳಿವೆ. ಅಷ್ಟನ್ನೂ ಯಾರು ತಲೆಯಲ್ಲಿ ಇಟ್ಟುಕೊಳ್ಳುತ್ತಾರೆ? ಅದಕ್ಕೇ ಜಡ್ಜ್ ಇರುವುದು. ಟೈಮ್ ಹಾಳು ಅನ್ನುವುದೂ ಸುಮ್ನೆ ನೆಪ. ಒಂದು ನಿಮಿಷ ಮೀರಿದರೆ ಆ ಸಮಯವನ್ನು ಪಂದ್ಯಕ್ಕೆ ಸೇರಿಸಿ ಕೊಡುತ್ತಾರೆ.

ಇಷ್ಟು ಸಿಟ್ಟು ಬರಲು ಇನ್ನೊಂದು ಕಾರಣ ಇದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಕೆಲವು ವರ್ಷದ ಹಿಂದೆ ನಾನೂ ಹೀಗೇ ಮಾಡಿದ್ದೆ. ಎದುರಿನವನ ಬ್ಲಡ್ ಮೂನ್ ಆಗಲೇ ಟೇಬಲ್ ಮೇಲಿತ್ತು. ಬೇಸಿಕ್ ಅಲ್ಲದ ನೆಲದ ಕಾರ್ಡುಗಳನ್ನೆಲ್ಲ ಬರೀ ಕೆಂಪು ಮಾನಾ (ಕಾರ್ಡು ಹಾಕಲು ಬೇಕಾದ ಶಕ್ತಿ) ಕೊಡುವ ಮೌಂಟನ್ ಮಾಡಿಬಿಡುವ ಕಾರ್ಡು ಅದು. ನಾನು ಎಲ್ಲ ನೆಲಗಳಿಂದಲೂ ಕಪ್ಪು ಮಾನಾ ಬರುವ ಹಾಗೆ ಮಾಡುವ ಉರ್ಬೋರ್ಗ್ ಅನ್ನುವ ನೆಲದ ಕಾರ್ಡು ಇಳಿಸಿ, “ಆಮೇಲೆ ಬಂದದ್ದೇ ನಡೆಯೋದು” ಅಂತ ಗಟ್ಟಿಯಾಗಿ ಹೇಳಿದೆ. ಅವನು ಒಪ್ಪಿದ. ಕಪ್ಪು ಮಾನಾ ತೆಗೆದು ಗೆದ್ದೆ. ಮನೆಗೆ ಬಂದು ನಿಯಮ ಓದಿದೆ. ಬ್ಲಡ್ ಮೂನ್ ಇದ್ದರೆ ಉರ್ಬೋರ್ಗ್ ಬರೀ ಮೌಂಟನ್, ಅದರ ಶಕ್ತಿಯೇ ಹೋಗುತ್ತದೆ. ಯಾವುದು ಮೊದಲು ಬಂತು ಅನ್ನುವುದು ಲೆಕ್ಕಕ್ಕೇ ಇಲ್ಲ. ಅವತ್ತು ನನ್ನೆದುರು ಸೋತವನು ಮತ್ತೆ ಆಡಲು ಬರಲಿಲ್ಲ. ಕ್ಷಮೆ ಕೇಳಲೂ ಆಗಲಿಲ್ಲ.

ನಿನ್ನೆ ನನ್ನ ಪಂದ್ಯ ಬಿಟ್ಟು ಏಳುವಷ್ಟರಲ್ಲಿ ಅವರು ಕಾರ್ಡು ಕಲಸುತ್ತಿದ್ದರು. ಆಮೇಲೆ ಹುಡುಗನನ್ನು ಕರೆದು ಮೊಬೈಲಿನಲ್ಲಿ ನಿಯಮ ತೋರಿಸಿದೆ. ಎರಡು ಸಲ ಓದಿದ.

“ಹಾಗಾದ್ರೆ ಮುಂದಿನ ಸರದೀಲಿ ಆ ಕರಡಿನೇ ಹೊಡೀತಿತ್ತು ಅಲ್ವಾ ಅಣ್ಣ? ಅವರಿಗೆ ಎರಡೇ ಲೈಫ್ ಉಳಿದಿತ್ತು.”

ಹೌದು ಅಂದೆ.