ಫಸ್ಟ್ ಗೇರಿನಲ್ಲಿ ಶಿಖರಾರೋಹಣ

ಈ ಭಾನುವಾರವೂ ಮುಳ್ಳಯ್ಯನಗಿರಿಯನ್ನು ಜನ ‘ಜಯಿಸಿದ್ದಾರೆ’. ಅಭಿನಂದನೆಗಳು. ಆನ್‌ಲೈನ್ ನೋಂದಣಿ, ಕೈಮರದಲ್ಲಿ ತಪಾಸಣೆ, ಆಮೇಲೆ ತಿರುವು ತಿರುವಿಗೂ ಫಸ್ಟ್ ಗೇರು, ಕ್ಲಚ್ ಸುಟ್ಟ ವಾಸನೆ. ಇದೇನು ಸಣ್ಣ ಸಾಹಸವೇ?

ಗಿರಿಯ ಎತ್ತರ 1930 ಮೀಟರ್. ಅದರಲ್ಲಿ ಸಾವಿರ ಚಿಕ್ಕಮಗಳೂರು ಪೇಟೆಯಲ್ಲೇ ಪುಕ್ಕಟೆ ಸಿಗುತ್ತದೆ. ಮಿಕ್ಕಿದ್ದರಲ್ಲಿ ಬಹುಪಾಲು ಕಾರು ಹತ್ತುತ್ತದೆ. ಮನುಷ್ಯನ ಪಾಲಿಗೆ ಉಳಿದದ್ದು ಮೆಟ್ಟಿಲು. ಅದಕ್ಕೆಂದೇ ನನ್ನ ಭಾವಮೈದುನ ಬೆಂಗಳೂರಿನಿಂದ ಎರಡು ಊರುಗೋಲು ತಂದಿದ್ದ. ಶೂಗೆ ಅಂಟಿಸಿದ ಬೆಲೆಚೀಟಿ ಇನ್ನೂ ಹೋಗಿರಲಿಲ್ಲ.

“ಭಾವ, ಆಕ್ಸಿಜನ್ ಕಮ್ಮಿ ಅನ್ನಿಸ್ತಿಲ್ವಾ?”

“ಅದು ಮುಂದಿನ ಟಿಟಿ ಹೊಗೆ ಮಾರಾಯ.”

ಅವನಿಗೆ ಎವರೆಸ್ಟ್ ಹುಚ್ಚು. ಆ ಹೆಸರಿನದೇ ಒಂದು ಕಥೆ. ಅದೇ ಎಲ್ಲಕ್ಕಿಂತ ಎತ್ತರ ಎಂದು 1852ರ ಹೊತ್ತಿಗೆ ಗೊತ್ತಾಗಿದ್ದು ಸರ್ವೇ ಇಲಾಖೆಯ ಬಂಗಾಳಿ ಗಣಿತಜ್ಞ ರಾಧಾನಾಥ ಸಿಕ್ದರ್ ಹಾಕಿದ ಲೆಕ್ಕದಿಂದ. 1865ರಲ್ಲಿ ಅದು ಹೊತ್ತದ್ದು ಅದೇ ಇಲಾಖೆಯ ನಿವೃತ್ತ ಸಾಹೇಬನ ಹೆಸರು. ಆ ಜಾರ್ಜ್ ಎವರೆಸ್ಟೇ ‘ನನ್ನ ಹೆಸರು ಅಲ್ಲಿನವರ ನಾಲಿಗೆಗೆ ಹೊರಳುವುದಿಲ್ಲ, ಬೇಡ’ ಎಂದಿದ್ದನಂತೆ. ಯಾರು ಕೇಳಬೇಕು! ಚೊಮೊಲುಂಗ್ಮಾ ಎಂಬ ಟಿಬೆಟ್ಟಿನ ಹೆಸರು ಅದಕ್ಕೆ ಮೊದಲೇ ಇತ್ತು. ನಮ್ಮ ಪುಣ್ಯ, ಗಿರಿಯ ಮೇಲೆ ಮುಳ್ಳಪ್ಪಸ್ವಾಮಿಗಳ ಗದ್ದುಗೆ ಇದೆ. ಇಲ್ಲವಾದರೆ ನಾವೂ ಇಷ್ಟು ಹೊತ್ತಿಗೆ ಯಾವುದೋ ಕರ್ನಲ್ಲನ ಹೆಸರಿನ ಗುಡ್ಡ ಹತ್ತುತ್ತಿದ್ದೆವು. 1922ರಲ್ಲಿ ಎವರೆಸ್ಟಿನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತವರು ಏಳು ಮಂದಿ, ಏಳೂ ಹೊರೆಯಾಳುಗಳೇ. 2019ರಲ್ಲಿ ತುದಿಯಲ್ಲಿ ಜನ ಸಾಲುಗಟ್ಟಿ ನಿಂತ ಫೋಟೋ ನೋಡಿದ್ದೀರಲ್ಲ? ಅವರು ಹಿಡಿದು ನಿಂತ ಹಗ್ಗ ಕಟ್ಟಿದವರು ಶೆರ್ಪಾಗಳು.

ಇಲ್ಲಿ ಬಿಂಡಿಗ ದೇವಿರಮ್ಮನ ಬೆಟ್ಟವನ್ನು ದೀಪಾವಳಿಗೆ ಬರಿಗಾಲಲ್ಲಿ, ಕತ್ತಲಲ್ಲಿ, ಸೌದೆ ಹೊತ್ತು ಹತ್ತುವ ಹೆಂಗಸರಿದ್ದಾರೆ. ಬೆಟ್ಟ ಜಯಿಸಿದೆ ಎಂದು ಒಬ್ಬಳೂ ಹೇಳಿದ್ದು ನಾನು ಕೇಳಿಲ್ಲ. ಮಾರನೇ ದಿನ ತೋಟದ ಕೆಲಸ ಇರುತ್ತದೆ.

ತಮಾಷೆ ಸಾಕಾಗಿದೆ. ಶೋಲಾ ಕಾಡಿನ ಅಂಚಿಗೆ ಬಾಟಲಿ ಒಡೆದು ಹೋಗುತ್ತೀರಿ. ಅದನ್ನು ಹೆಕ್ಕಲು ಇಳಿಜಾರಿಗೆ ಇಳಿಯುವವನ ಕಾಲಲ್ಲಿ ಸವೆದ ಹವಾಯಿ ಚಪ್ಪಲಿ ಇರುತ್ತದೆ. ಒಮ್ಮೆ ಅವನ ಹಿಮ್ಮಡಿ ನೋಡಿ, ಆಮೇಲೆ ಸೆಲ್ಫಿ ತೆಗೆದುಕೊಳ್ಳಿ.

ತುದಿಯಲ್ಲಿ ಚಿಪ್ಸ್ ಪ್ಯಾಕೆಟ್ ಪೂರಿಯಂತೆ ಉಬ್ಬಿತ್ತು. ಭಾವಮೈದುನ ಅದನ್ನು ಟಪ್ಪೆಂದು ಒಡೆದು, ತಿಂದು, ಖಾಲಿ ಪ್ಯಾಕೆಟ್ಟನ್ನೂ ಊರುಗೋಲನ್ನೂ ನನ್ನ ಕೈಗಿಟ್ಟ.

“ಸ್ವಲ್ಪ ಪಕ್ಕಕ್ಕೆ ಬನ್ನಿ ಭಾವ, ಫೋಟೋದಲ್ಲಿ ಬೀಳ್ತೀರಿ.”